ಬರೆದ ಲೇಖನ ಗೂಗಲ್‌ನಲ್ಲಿ ಕಾಣುತ್ತಿಲ್ಲವಾ? ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ಹುಡುಕಿ

"ಲೇಖನ ಹಾಕಿ ಹದಿನೈದು ದಿನ ಆಯ್ತು, ಗೂಗಲ್‌ನಲ್ಲಿ ಹುಡುಕಿದರೆ ಬರೋದೇ ಇಲ್ಲ. ಏನು ಮಾಡ್ಲಿ?"

ಈ ಪ್ರಶ್ನೆಯನ್ನು ಧಾರವಾಡದ ಗೆಳೆಯರು ಕೇಳಿದ್ದಾರೆ, ಗದಗದ ಒಬ್ಬ ಮಾಸ್ತರು ಕೇಳಿದ್ದಾರೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರ ಮಗ ಮೂರು ಸಲ ಕೇಳಿದ್ದಾನೆ. ಪ್ರತಿ ಸಲ ನೋಡಿದಾಗಲೂ ಒಂದೇ ಕಥೆ. ಲೇಖನವನ್ನು ಮೇಲೆ ತರುವುದಕ್ಕೆ ಒದ್ದಾಡುತ್ತಿರುತ್ತಾರೆ. ಶೀರ್ಷಿಕೆ ಬದಲಿಸುತ್ತಾರೆ, ಕೀವರ್ಡ್ (ಜನ ಹುಡುಕುವ ಪದ) ತುರುಕುತ್ತಾರೆ, ಯಾರಿಗೋ ದುಡ್ಡು ಕೊಟ್ಟು ಲಿಂಕ್ ಹಾಕಿಸುತ್ತಾರೆ. ಲೇಖನ ಮಾತ್ರ ಇನ್ನೂ ಗೂಗಲ್‌ನ ಕಣ್ಣಿಗೇ ಬಿದ್ದಿರುವುದಿಲ್ಲ.

ಬ್ಯಾಡಗಿ ಮಾರ್ಕೆಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಚೀಲ ಮೊದಲು ದಲಾಲರ ಅಂಗಡಿ ಮುಟ್ಟಬೇಕು. ಆಮೇಲೆ ಲಾಟ್ ನಂಬರ್ ಬೀಳಬೇಕು. ಅದಾದ ಮೇಲೆ ಟೆಂಡರ್‌ನಲ್ಲಿ ದರ. ಚೀಲ ಇನ್ನೂ ಹೊಲದಲ್ಲೇ ಇದ್ದಾಗ ದರ ಯಾಕೆ ಬರಲಿಲ್ಲ ಅಂತ ಕೇಳಿದರೆ ಏನು ಹೇಳೋದು? ಗೂಗಲ್‌ನಲ್ಲೂ ಹೀಗೇ ಮೂರು ಕೆಲಸ, ಒಂದಾದ ಮೇಲೆ ಒಂದು. ಗೂಗಲ್‌ಬಾಟ್ ಅನ್ನುವ ಪ್ರೋಗ್ರಾಂ ಬಂದು ಪುಟ ಓದುವುದು ಕ್ರಾಲ್. ಓದಿದ್ದನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುವುದು ಇಂಡೆಕ್ಸ್. ಯಾರಾದರೂ ಹುಡುಕಿದಾಗ ಎಷ್ಟನೇ ಸಾಲಿನಲ್ಲಿ ತೋರಿಸಬೇಕು ಅಂತ ನಿರ್ಧರಿಸುವುದು ರ‍್ಯಾಂಕ್. ನಿಮ್ಮ ಲೇಖನ ಇವುಗಳಲ್ಲಿ ಎಲ್ಲಿ ನಿಂತಿದೆ ಅಂತ ಗೊತ್ತಾಗುವವರೆಗೆ ಏನನ್ನೂ ಮುಟ್ಟಬೇಡಿ.

## ಶುರು ಮಾಡುವ ಮೊದಲು ಬೇಕಾದದ್ದು

ಗೂಗಲ್ ಸರ್ಚ್ ಕನ್ಸೋಲ್ ಬೇಕೇ ಬೇಕು. ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಅಂತ ಗೂಗಲ್ಲೇ ತೋರಿಸುವ ಸಾಧನ ಅದು. ಪುಕ್ಕಟೆ ಸಿಗುತ್ತದೆ. ಅದರಲ್ಲಿ ನಿಮ್ಮ ಸೈಟ್ ಸೇರಿಸಿ, ಇದು ನನ್ನದೇ ಅಂತ ಸಾಬೀತು ಮಾಡಬೇಕು. ಸ್ವಂತ ಡೊಮೇನ್ ಇದ್ದರೆ "ಡೊಮೇನ್" ಅನ್ನುವ ಆಯ್ಕೆಯನ್ನೇ ತೆಗೆದುಕೊಳ್ಳಿ. ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನಿನ ಹೆಸರನ್ನು ಸರ್ವರ್‌ಗೆ ಜೋಡಿಸುವ ದಾಖಲೆಯಲ್ಲಿ, ಒಂದು ಸಾಲು ಸೇರಿಸಬೇಕಾಗುತ್ತದೆ, ಸ್ವಲ್ಪ ಕಿರಿಕಿರಿ. ಆದರೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇರುವ ವಿಳಾಸ, ಇಲ್ಲದ ವಿಳಾಸ ಎಲ್ಲ ಒಂದೇ ಕಡೆ ಸಿಗುತ್ತವೆ.

ಇನ್ನೊಂದು ಒಂದು ನೋಟ್‌ಬುಕ್. ತಮಾಷೆ ಅಲ್ಲ. ಯಾವ ದಿನ ಏನು ಬದಲಿಸಿದಿರಿ ಅಂತ ಬರೆದಿಡದಿದ್ದರೆ ಒಂದು ತಿಂಗಳ ನಂತರ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ದುಡ್ಡು ಕೊಡುವ ಎಸ್‌ಇಒ ಟೂಲ್ (ಹುಡುಕಾಟದಲ್ಲಿ ಮೇಲೆ ತರುವುದಕ್ಕೆ ಅಂತ ಮಾರುವ ಸಾಧನ) ಯಾವುದೂ ಈಗ ಬೇಡ.

## ಹಂತ 1: ಎಲ್ಲಿ ನಿಂತಿದೆ ಅಂತ ನೋಡಿ

ಸರ್ಚ್ ಕನ್ಸೋಲ್ ತೆರೆದರೆ ಮೇಲ್ಗಡೆ ಒಂದು ಉದ್ದ ಪೆಟ್ಟಿಗೆ ಇರುತ್ತದೆ. ಅದೇ ಯುಆರ್‌ಎಲ್ ಇನ್ಸ್‌ಪೆಕ್ಷನ್. ಲೇಖನದ ಪೂರ್ತಿ ವಿಳಾಸ ಅಲ್ಲಿ ಹಾಕಿ ಎಂಟರ್ ಒತ್ತಿ.

"ಯುಆರ್‌ಎಲ್ ಈಸ್ ಆನ್ ಗೂಗಲ್" ಅಂತ ಬಂದರೆ ಇಂಡೆಕ್ಸ್ ಆಗಿದೆ, ನಿಮ್ಮ ತೊಂದರೆ ರ‍್ಯಾಂಕ್‌ನದ್ದು, ನೇರ ಹಂತ 7ಕ್ಕೆ ಹೋಗಿ. "ನಾಟ್ ಆನ್ ಗೂಗಲ್" ಅಂತ ಬಂದರೆ ಕೆಳಗೆ ಕಾರಣವೂ ಇರುತ್ತದೆ. ಆ ಕಾರಣವನ್ನು ಇದ್ದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಗೂಗಲ್‌ನಲ್ಲಿ ಲೇಖನದ ಹೆಸರು ಹೊಡೆದು, ಬರಲಿಲ್ಲ ಅಂದ ತಕ್ಷಣ ಇಂಡೆಕ್ಸ್ ಆಗಿಲ್ಲ ಅಂದುಕೊಳ್ಳುವುದು. ಇಂಡೆಕ್ಸ್ ಆಗಿಯೂ ಐದನೇ ಪುಟದಲ್ಲಿ ಇರಬಹುದು. ಇದರ ಉಲ್ಟಾ ತಪ್ಪೂ ಇದೆ. ನಿಮ್ಮದೇ ಫೋನಿನಲ್ಲಿ ಹುಡುಕಿ, ಮೇಲೆ ಕಂಡಿತು ಅಂತ ಖುಷಿಪಡುವುದು. ನೀವು ಪದೇಪದೇ ಹೋಗುವ ಸೈಟು ನಿಮ್ಮ ಫೋನಿಗೆ ಗೊತ್ತಿರುತ್ತದೆ. ನೀವು ಕೂತಿರುವ ಜಾಗ ನೋಡಿಯೂ ಫಲಿತಾಂಶ ಬದಲಾಗುತ್ತದೆ, ಹುಬ್ಬಳ್ಳಿಯಲ್ಲಿ ಕಂಡದ್ದು ಬೆಂಗಳೂರಿನಲ್ಲಿ ಹಾಗೇ ಕಾಣಬೇಕು ಅಂತೇನಿಲ್ಲ. ವಿಳಾಸದ ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ಸೈಟ್ (site) ಅಂತ ಬರೆದು ಕೋಲನ್ ಹಾಕಿ ಹುಡುಕುವ ಉಪಾಯ ಕೆಲವರಿಗೆ ಗೊತ್ತಿರುತ್ತದೆ. ಅಂದಾಜಿಗೆ ಅದು ಸರಿ, ಆದರೆ ಇಂಡೆಕ್ಸ್ ಆದ ಎಲ್ಲ ಪುಟಗಳನ್ನೂ ತೋರಿಸುವುದಿಲ್ಲ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಇನ್ಸ್‌ಪೆಕ್ಷನ್ ಹೇಳಿದ್ದನ್ನು ಮಾತ್ರ.

## ಹಂತ 2: ಬಾಗಿಲು ತೆರೆದಿದೆಯಾ?

ನನ್ನದೇ ಮೊದಲ ಸೈಟ್ ಮೂರು ತಿಂಗಳು ಎಲ್ಲೂ ಕಾಣಲಿಲ್ಲ. ನಾನು ದಿನಾ ರಾತ್ರಿ ಕೂತು ಬರೆದದ್ದೇ ಬರೆದದ್ದು. ಕೊನೆಗೆ ನೋಡಿದರೆ ಸೈಟ್ ಮಾಡಿಕೊಟ್ಟವರು ಕೆಲಸ ನಡೆಯುವಾಗ ಯಾರಿಗೂ ಕಾಣಬಾರದು ಅಂತ ಒಂದು ಟಿಕ್ ಹಾಕಿದ್ದರು, ಮುಗಿದ ಮೇಲೆ ತೆಗೆಯುವುದು ಮರೆತಿದ್ದರು. ಒಂದೇ ಒಂದು ಟಿಕ್!

ವರ್ಡ್‌ಪ್ರೆಸ್‌ನಲ್ಲಿ ಅದು ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅನ್ನುವಲ್ಲಿ ಇರುತ್ತದೆ. "ಡಿಸ್ಕರೇಜ್ ಸರ್ಚ್ ಎಂಜಿನ್ಸ್" ಅಂತ ಶುರುವಾಗುವ ಸಾಲಿನ ಮುಂದೆ ಟಿಕ್ ಇರಬಾರದು. ಇದ್ದರೆ ಪ್ರತಿ ಪುಟಕ್ಕೂ ನೋಇಂಡೆಕ್ಸ್ ಅನ್ನುವ ಗುರುತು ಬೀಳುತ್ತದೆ. ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್ ಒಳಗಿನ ಪ್ರೈವಸಿಯಲ್ಲಿ "ವಿಸಿಬಲ್ ಟು ಸರ್ಚ್ ಎಂಜಿನ್ಸ್" ಆನ್ ಇರಬೇಕು. ಅಲ್ಲೇ ಕೆಳಗೆ ಕಸ್ಟಮ್ ರೋಬೋಟ್ಸ್ ಹೆಡರ್ ಟ್ಯಾಗ್ಸ್ ಅಂತ ಇದೆಯಲ್ಲ, ಯೂಟ್ಯೂಬ್ ನೋಡಿಕೊಂಡು ಅದನ್ನು ಆನ್ ಮಾಡಿ, ಪೋಸ್ಟ್‌ಗಳಿಗೆ ನೋಇಂಡೆಕ್ಸ್ ಹಾಕಿಕೊಂಡವರನ್ನು ಭಾಳ ನೋಡಿದ್ದೇನೆ. ಏನು ಮಾಡುತ್ತದೆ ಅಂತ ಗೊತ್ತಿಲ್ಲದಿದ್ದರೆ ಆಫ್ ಮಾಡಿಬಿಡಿ.

ಎರಡನೆಯದು ರೋಬೋಟ್ಸ್ ಫೈಲ್. ಇದಕ್ಕೂ ನೋಇಂಡೆಕ್ಸ್‌ಗೂ ವ್ಯತ್ಯಾಸ ಇದೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ರೋಬೋಟ್ಸ್ ಫೈಲ್ ಅಂದರೆ "ಒಳಗೆ ಬರಬೇಡ" ಅಂತ ಗೇಟಿಗೆ ತೂಗುಹಾಕಿದ ಬೋರ್ಡು. ನೋಇಂಡೆಕ್ಸ್ ಅಂದರೆ ಒಳಗೆ ಬಂದವರಿಗೆ "ಇದನ್ನು ಪಟ್ಟಿಗೆ ಸೇರಿಸಬೇಡ" ಅಂತ ಹೇಳುವ ಚೀಟಿ. ಎರಡನ್ನೂ ಒಟ್ಟಿಗೆ ಹಾಕಿದರೆ ಒಳಗಿನ ಚೀಟಿಯನ್ನು ಓದುವವರೇ ಇಲ್ಲ. ಬೇಡದ ಪುಟವನ್ನು ಗೂಗಲ್‌ನಿಂದ ತೆಗೆಸಬೇಕು ಅಂದರೆ ಗೇಟು ತೆರೆದಿಟ್ಟು ನೋಇಂಡೆಕ್ಸ್ ಹಾಕಬೇಕು. ಬೇಕಾದ ಪುಟಕ್ಕೆ ಎರಡೂ ಇರಬಾರದು.

ಮೂರನೆಯದನ್ನು ಹುಡುಕುವುದು ಕಷ್ಟ. ಲಾಗಿನ್ ಪುಟಕ್ಕೆ ಹೊರದೇಶದಿಂದ ಕಳ್ಳರು ಬಾಗಿಲು ತಟ್ಟುತ್ತಿದ್ದಾರೆ ಅಂತ, ಭಾರತ ಬಿಟ್ಟು ಎಲ್ಲ ದೇಶಗಳನ್ನೂ ಸೆಕ್ಯುರಿಟಿ ಪ್ಲಗಿನ್‌ನಲ್ಲಿ ಬ್ಲಾಕ್ ಮಾಡುತ್ತಾರೆ. ಗೂಗಲ್‌ಬಾಟ್ ಹೆಚ್ಚಾಗಿ ಬರುವುದೇ ಅಮೆರಿಕದ ಐಪಿ ವಿಳಾಸಗಳಿಂದ. ನಿಮಗೆ ಸೈಟ್ ಚೆನ್ನಾಗಿಯೇ ತೆರೆಯುತ್ತದೆ, ನಿಮ್ಮ ಅತ್ತಿಗೆಗೂ ತೆರೆಯುತ್ತದೆ, ಗೂಗಲ್‌ಗೆ ಮಾತ್ರ ಬೀಗ.

ಇವೆಲ್ಲ ಸರಿ ಇವೆಯಾ ಅಂತ ಒಂದೇ ಕಡೆ ನೋಡಬಹುದು. ಯುಆರ್‌ಎಲ್ ಇನ್ಸ್‌ಪೆಕ್ಷನ್‌ನಲ್ಲೇ "ಟೆಸ್ಟ್ ಲೈವ್ ಯುಆರ್‌ಎಲ್" ಅನ್ನುವ ಬಟನ್ ಇದೆ. ಒತ್ತಿದರೆ ಗೂಗಲ್ ಆಗಿಂದಾಗಲೇ ಬಂದು ನೋಡಿ ಹೇಳುತ್ತದೆ. ಏನನ್ನಾದರೂ ಸರಿಪಡಿಸಿದ ಮೇಲೆಯೂ ಇದನ್ನೇ ಒತ್ತಿ. ಹಳೆಯ ವರದಿ ನೋಡಿಕೊಂಡು ಇನ್ನೂ ಸರಿ ಆಗಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅದು ಹೋದ ವಾರದ ಸುದ್ದಿ ಇರಬಹುದು.

## ಹಂತ 3: ನೀವು ಬರೆದದ್ದು ಅಕ್ಷರವೇನಾ?

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಹಂತ ಸಾಮಾನ್ಯವಾಗಿ ಇರುವುದಿಲ್ಲ. ಕನ್ನಡದಲ್ಲಿ ಬರೆಯುವವರು ಸೋಲುವುದು ಇಲ್ಲೇ ಜಾಸ್ತಿ.

ಗದಗದ ಮಾಸ್ತರು ಲಕ್ಕುಂಡಿ ಬಗ್ಗೆ ಇಪ್ಪತ್ತು ಪುಟದ ಬರಹ ಹಾಕಿದ್ದರು. ಊರಿನ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದು. ಅವರ ಕಂಪ್ಯೂಟರಿನಲ್ಲಿ ಕನ್ನಡವಾಗಿಯೇ ಕಾಣುತ್ತಿತ್ತು, ಯಾಕೆಂದರೆ ಅಲ್ಲಿ ಆ ಫಾಂಟ್ ಇತ್ತು. ನನ್ನ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ಚುಕ್ಕೆ, ನಡುವೆ ಪೌಂಡಿನ ಗುರುತು. ಗೂಗಲ್ ಕೂಡ ಅದನ್ನೇ ಓದುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒಳಗಿರುವುದು ಕನ್ನಡ ಅಕ್ಷರವೇ ಅಲ್ಲ, ಲ್ಯಾಟಿನ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿರುತ್ತಾರೆ ಅಷ್ಟೆ. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಕನ್ನಡ ಅಂತಲೇ ಓದುವ ಸಂಕೇತಕ್ಕೆ, ಪರಿವರ್ತಿಸಿಯೇ ಹಾಕಬೇಕು. ಪರಿವರ್ತಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ, ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೂ ಬರುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಂದು ಸಲ ಓದಿ. ಕೆಡುವುದು ಹೆಚ್ಚಾಗಿ ಅಲ್ಲೇ.

ಪರೀಕ್ಷೆ ಸುಲಭ. ಲೇಖನದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡವಾಗಿ ಬಂದರೆ ಸರಿ.

ಕಾಪಿ ಮಾಡಲು ಬರಲೇ ಇಲ್ಲ ಅಂದರೆ ಅದು ಚಿತ್ರ. ದರಪಟ್ಟಿ, ಜಾತ್ರೆಯ ವೇಳಾಪಟ್ಟಿ, ಅಡುಗೆಯ ಅಳತೆ ಎಲ್ಲವನ್ನೂ ಚಂದದ ಪೋಸ್ಟರ್ ಮಾಡಿ ಹಾಕುವ ಚಟ ನಮ್ಮ ಮಂದಿಗೆ ಇದೆ. ಚಿತ್ರ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ಇರುವುದನ್ನು ಕೆಳಗೆ ಟೈಪ್ ಮಾಡಿಯೂ ಹಾಕಿ. ಚಿತ್ರದೊಳಗಿನ ಕನ್ನಡವನ್ನು ಗೂಗಲ್ ಓದಿಕೊಳ್ಳಲಿ ಅಂತ ನಂಬಿ ಕೂರಬೇಡಿ.

## ಹಂತ 4: ವಿಳಾಸ ಚಿಕ್ಕದಿರಲಿ

ಕನ್ನಡ ಅಕ್ಷರದ ವಿಳಾಸವನ್ನು ಗೂಗಲ್ ಆರಾಮಾಗಿ ಓದುತ್ತದೆ, ಅದರಿಂದ ರ‍್ಯಾಂಕ್ ಕೆಡುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ವಿಳಾಸವನ್ನು ಕಾಪಿ ಮಾಡಿದಾಗ ಒಂದೊಂದು ಕನ್ನಡ ಅಕ್ಷರ, ಒಂದೊಂದು ಗುಣಿತದ ಚಿಹ್ನೆ ಕೂಡ, ಒಂಬತ್ತು ಗುರುತುಗಳ ಸಾಲಾಗುತ್ತದೆ. ವರ್ಡ್‌ಪ್ರೆಸ್ ವಿಳಾಸದ ಆ ಭಾಗಕ್ಕೆ 200 ಗುರುತುಗಳ ಜಾಗ ಕೊಡುತ್ತದೆ. ಅಂದರೆ ಸುಮಾರು 22 ಚಿಹ್ನೆ ಆಗುವಷ್ಟರಲ್ಲಿ ನಿಮ್ಮ ಶೀರ್ಷಿಕೆ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಯಾರಿಗಾದರೂ ಕಳಿಸಿದರೆ ಅರ್ಧ ಪರದೆ ತುಂಬ ಶೇಕಡಾ ಗುರುತುಗಳು, ನೋಡಿದವರು ವೈರಸ್ಸೇನೋ ಅಂತ ಒತ್ತುವುದೇ ಇಲ್ಲ.

ಬ್ಲಾಗರ್ ಇನ್ನೂ ಒಂದು ಹೆಜ್ಜೆ ಮುಂದೆ. ಕನ್ನಡ ಶೀರ್ಷಿಕೆಯನ್ನು ಅದು ವಿಳಾಸಕ್ಕೆ ತೆಗೆದುಕೊಳ್ಳುವುದೇ ಇಲ್ಲ, ಎಲ್ಲಕ್ಕೂ "ಬ್ಲಾಗ್ ಪೋಸ್ಟ್" ಅಂತಲೇ ಹೆಸರಿಟ್ಟು ಹಿಂದೆ ನಂಬರ್ ಹಚ್ಚುತ್ತದೆ.

ಹಾಗಾಗಿ ಪ್ರಕಟಿಸುವ ಮೊದಲೇ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಪದದ ಚಿಕ್ಕ ವಿಳಾಸ ನೀವೇ ಬರೆಯಿರಿ. ಮೊದಲೇ ಅಂತ ಒತ್ತಿ ಹೇಳುತ್ತಿದ್ದೇನೆ. ಇಂಡೆಕ್ಸ್ ಆದ ಮೇಲೆ ವಿಳಾಸ ಬದಲಿಸಿದರೆ ಗೂಗಲ್‌ಗೆ ಅದು ಹೊಸ ಪುಟ. ವರ್ಡ್‌ಪ್ರೆಸ್ ಹಳೆಯ ವಿಳಾಸದಿಂದ ಹೊಸದಕ್ಕೆ ತಾನೇ ದಾರಿ ತೋರಿಸುತ್ತದೆ. ಉಳಿದ ಕಡೆ ಆ ದಾರಿಯನ್ನು (ರೀಡೈರೆಕ್ಟ್) ನೀವೇ ಹಾಕಬೇಕು, ಇಲ್ಲದಿದ್ದರೆ ಹಳೆಯ ಲಿಂಕ್ ಒತ್ತಿದವರಿಗೆ 404, ಅಂದರೆ ಪುಟ ಇಲ್ಲ ಅನ್ನುವ ಸಂದೇಶ. ಆಗಲೇ ಓಡುತ್ತಿರುವ ಹಳೆಯ ಲೇಖನಗಳ ವಿಳಾಸವನ್ನು ಬರೀ ಚಂದಕ್ಕೆ ಅಂತ ಬದಲಿಸಲು ಹೋಗಬೇಡಿ.

## ಹಂತ 5: ಗೂಗಲ್‌ಬಾಟ್ ಬರುವ ದಾರಿ ಮಾಡಿ

ಗೂಗಲ್‌ಬಾಟ್ ಹೊಸ ಪುಟ ಹುಡುಕುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಆಗಲೇ ಗೊತ್ತಿರುವ ಪುಟದಲ್ಲಿನ ಲಿಂಕ್. ಇನ್ನೊಂದು, ಸೈಟ್‌ಮ್ಯಾಪ್.

ಸೈಟ್‌ಮ್ಯಾಪ್ ನಿಮ್ಮ ಪುಟಗಳ ವಿಳಾಸಗಳ ಪಟ್ಟಿ. ವರ್ಡ್‌ಪ್ರೆಸ್ 2020ರಿಂದ ತಾನೇ ಮಾಡಿಕೊಡುತ್ತದೆ, ಬ್ಲಾಗರ್‌ನಲ್ಲೂ ಇದೆ. ಅದರ ವಿಳಾಸವನ್ನು ಸರ್ಚ್ ಕನ್ಸೋಲ್‌ನ ಸೈಟ್‌ಮ್ಯಾಪ್ಸ್ ಅನ್ನುವಲ್ಲಿ ಒಂದು ಸಲ ಕೊಟ್ಟರೆ ಸಾಕು, ಪ್ರತಿ ಲೇಖನಕ್ಕೂ ಕೊಡಬೇಕಿಲ್ಲ. ಒಂದು ಫೈಲಿನಲ್ಲಿ 50,000 ವಿಳಾಸ ಹಿಡಿಯುತ್ತವೆ, ನಮಗೆ ನಿಮಗೆ ಅದು ಈ ಜನ್ಮಕ್ಕೆ ತುಂಬುವುದಿಲ್ಲ. ಹಳೆಯ ವಿಡಿಯೋಗಳಲ್ಲಿ "ಸೈಟ್‌ಮ್ಯಾಪ್ ಪಿಂಗ್ ಮಾಡಿ", ಅಂದರೆ ಬದಲಾಗಿದೆ ಅಂತ ಗೂಗಲ್‌ಗೆ ಸುದ್ದಿ ಕಳಿಸಿ, ಅಂತ ಹೇಳುತ್ತಾರೆ. ಅದನ್ನು ಗೂಗಲ್ 2023ರಲ್ಲೇ ನಿಲ್ಲಿಸಿತು. ಪ್ರಯಾರಿಟಿ, ಚೇಂಜ್‌ಫ್ರೀಕ್ವೆನ್ಸಿ ಅನ್ನುವ ಸಂಖ್ಯೆಗಳನ್ನೂ ಅದು ನೋಡುವುದಿಲ್ಲ. ಕೊನೆಯ ಸಲ ಬದಲಾದ ದಿನಾಂಕವನ್ನು ಮಾತ್ರ ನೋಡುತ್ತದೆ, ಅದೂ ನೀವು ಸುಳ್ಳು ಹೇಳದಿದ್ದರೆ.

ಸೈಟ್‌ಮ್ಯಾಪ್‌ಗಿಂತ ಲಿಂಕ್‌ಗೆ ಬೆಲೆ ಜಾಸ್ತಿ. ಎಲ್ಲಿಂದಲೂ ಲಿಂಕ್ ಇಲ್ಲದ ಪುಟ ಅಂದರೆ ರಸ್ತೆ ಇಲ್ಲದ ಮನೆ. ಹೊಸ ಲೇಖನ ಹಾಕಿದ ದಿನವೇ ನಿಮ್ಮ ಎರಡು ಮೂರು ಹಳೆಯ ಲೇಖನಗಳ ಒಳಗೆ ಹೋಗಿ, ಸಂಬಂಧ ಇರುವ ಸಾಲು ಹುಡುಕಿ, ಅಲ್ಲಿಂದ ಲಿಂಕ್ ಕೊಡಿ. ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಬಗ್ಗೆ ಹೊಸದು ಬರೆದರೆ, ಕಡ್ಡಿ ಮೆಣಸಿನಕಾಯಿ ಬಗ್ಗೆ ಬರೆದ ಹಳೆಯದರಲ್ಲಿ "ಡಬ್ಬಿಗೂ ಇದಕ್ಕೂ ಬಣ್ಣ, ಖಾರದಲ್ಲಿ ಏನು ವ್ಯತ್ಯಾಸ" ಅನ್ನುವ ಪದಗಳ ಮೇಲೇ ಲಿಂಕ್ ಇರಲಿ. "ಇಲ್ಲಿ ಒತ್ತಿ" ಅನ್ನುವುದರ ಮೇಲೆ ಬೇಡ, ಅದರಿಂದ ಆಚೆ ಏನಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಮುಖಪುಟದಲ್ಲಿ "ಇನ್ನಷ್ಟು ತೋರಿಸಿ" ಅನ್ನುವ ಬಟನ್ ಒತ್ತಿದರೆ ಮಾತ್ರ ಹಳೆಯವು ಬರುವ ಹಾಗೆ ಕೆಲವು ಥೀಮ್‌ಗಳು ಇರುತ್ತವೆ. ಗೂಗಲ್‌ಬಾಟ್ ಬಟನ್ ಒತ್ತುವುದಿಲ್ಲ. ಪುಟ 2, ಪುಟ 3 ಅಂತ ಸಾದಾ ಲಿಂಕ್ ಇರುವ ಥೀಮ್ ಹಾಕಿಕೊಳ್ಳಿ.

ಮತ್ತೆ ವಾಟ್ಸ್ಆ್ಯಪ್ ವಿಷಯ. "ಐದು ಗ್ರೂಪಿಗೆ ಕಳಿಸಿದೆ, ಸ್ಟೇಟಸ್ ಹಾಕಿದೆ, ಆದರೂ ಇಂಡೆಕ್ಸ್ ಆಗಲಿಲ್ಲ" ಅಂತ ಬೇಜಾರಾಗುವವರಿದ್ದಾರೆ. ಗ್ರೂಪಿನ ಒಳಗೆ ಗೂಗಲ್‌ಬಾಟ್ ಬರಲಾರದು. ಓದುಗರು ಬರುತ್ತಾರೆ, ಒಳ್ಳೆಯದೇ. ಇಂಡೆಕ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

## ಹಂತ 6: ಕೇಳಿ, ಆಮೇಲೆ ಸುಮ್ನೆ ಇರಿ

ಈಗ ಯುಆರ್‌ಎಲ್ ಇನ್ಸ್‌ಪೆಕ್ಷನ್‌ಗೆ ಬಂದು "ರಿಕ್ವೆಸ್ಟ್ ಇಂಡೆಕ್ಸಿಂಗ್" ಒತ್ತಿ. ಒಂದೇ ಸಲ. ಹತ್ತು ಸಲ ಒತ್ತಿದರೆ ಸಾಲಿನಲ್ಲಿ ಮುಂದೆ ಹೋಗುವುದಿಲ್ಲ, ದಿನದ ಮಿತಿ ಖಾಲಿಯಾಗುತ್ತದೆ ಅಷ್ಟೆ. ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು ಅಂತ ಗೂಗಲ್ ತಾನೇ ಹೇಳುತ್ತದೆ. ಹೊಸ ಸೈಟ್ ಆದರೆ ವಾರಗಳ ಲೆಕ್ಕವನ್ನೇ ಹಿಡಿಯಿರಿ.

"ಇಂಡೆಕ್ಸಿಂಗ್ ಎಪಿಐ ಹಾಕಿ ಹತ್ತು ನಿಮಿಷದಲ್ಲಿ ಇಂಡೆಕ್ಸ್ ಮಾಡಿಕೊಡ್ತೀವಿ" ಅನ್ನುವವರು ಸಿಗುತ್ತಾರೆ. ಎಪಿಐ ಅಂದರೆ ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿ. ಆ ಎಪಿಐ ಇರುವುದು ಉದ್ಯೋಗದ ಜಾಹೀರಾತು ಮತ್ತು ನೇರಪ್ರಸಾರದ ವಿಡಿಯೋ ಪುಟಗಳಿಗೆ. ಮಾಮೂಲಿ ಲೇಖನಕ್ಕೆ ಅದನ್ನು ಬಳಸಬೇಡಿ.

ಕಾಯುವ ಹೊತ್ತಿನಲ್ಲಿ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೆ ಹೋಗಿ, ಸರ್ಚ್ ಕನ್ಸೋಲ್‌ನಿಂದ ಸೈಟನ್ನು ಇಂಪೋರ್ಟ್ ಮಾಡಿಕೊಳ್ಳಿ. ಐದು ನಿಮಿಷದ ಕೆಲಸ. ಬಿಂಗ್‌ಗೆ ಇಂಡೆಕ್ಸ್‌ನೌ ಅನ್ನುವ ವ್ಯವಸ್ಥೆ ಇದೆ, ಹೊಸ ಪುಟ ಬಂದ ತಕ್ಷಣ ಸೈಟೇ ಹೋಗಿ ಸುದ್ದಿ ಮುಟ್ಟಿಸುತ್ತದೆ. ಗೂಗಲ್ ಅದನ್ನು ಬಳಸುವುದಿಲ್ಲ.

ಎರಡು ವಾರ ಕಳೆದ ಮೇಲೆ ಪೇಜ್ ಇಂಡೆಕ್ಸಿಂಗ್ ವರದಿ ತೆರೆಯಿರಿ. ಅಲ್ಲಿ ಬೂದು ಬಣ್ಣದ ದೊಡ್ಡ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳಬೇಡಿ. ಲೇಬಲ್ ಪುಟ, ಹುಡುಕಾಟದ ಪುಟ, ರೀಡೈರೆಕ್ಟ್ ಆದ ಹಳೆಯ ವಿಳಾಸ, ಬ್ಲಾಗರ್‌ನ ಮೊಬೈಲ್ ವಿಳಾಸ ಇವೆಲ್ಲ ಇಂಡೆಕ್ಸ್ ಆಗದಿರುವುದೇ ಸರಿ. ನಿಮಗೆ ಬೇಕಾದ ಲೇಖನ ಯಾವ ಸಾಲಿನಲ್ಲಿದೆ ಅಂತ ಮಾತ್ರ ನೋಡಿ. ಅದರಲ್ಲಿ ಎರಡು ಸಾಲು ಮುಖ್ಯ.

"ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಅಂದರೆ ವಿಳಾಸ ಗೊತ್ತಾಗಿದೆ, ಇನ್ನೂ ಬಂದು ಓದಿಲ್ಲ. ಲೇಖನ ಚೆನ್ನಾಗಿಲ್ಲ ಅಂತ ಇದರ ಅರ್ಥವಲ್ಲ, ಅದು ಓದಿಯೇ ಇಲ್ಲವಲ್ಲ! ಸರ್ವರ್ ನಿಧಾನ ಇದೆಯಾ, ಒಳಗಿನ ಲಿಂಕ್ ಕಡಿಮೆ ಇವೆಯಾ, ಬೇಡದ ನೂರಾರು ಟ್ಯಾಗ್ ಪುಟಗಳು ಗುಡ್ಡೆ ಬಿದ್ದಿವೆಯಾ ನೋಡಿ. ಒಂದೊಂದು ಲೇಖನಕ್ಕೆ ಹದಿನೈದು ಟ್ಯಾಗ್ ಹಾಕುವವರಿದ್ದಾರೆ. ಒಂದೊಂದು ಟ್ಯಾಗೂ ಒಂದೊಂದು ಪುಟ, ಪ್ರತಿ ಪುಟದಲ್ಲೂ ಅದೇ ಒಂದು ಲೇಖನ.

"ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಅಂದರೆ ಬಂದು ಓದಿದೆ, ಪಟ್ಟಿಗೆ ಸೇರಿಸಿಕೊಂಡಿಲ್ಲ. ಇದು ಕಹಿ. ಇಲ್ಲಿ ಸೆಟ್ಟಿಂಗ್ ತಿರುವಿ ಪ್ರಯೋಜನ ಇಲ್ಲ, ಬರಹವನ್ನೇ ನೋಡಬೇಕು. ಮಾಸ್ತರ ಲೇಖನ ಯೂನಿಕೋಡ್ ಆದ ಮೇಲೆ ಬಂದು ನಿಂತದ್ದು ಇಲ್ಲೇ. ಬ್ರಹ್ಮ ಜಿನಾಲಯ, ಅತ್ತಿಮಬ್ಬೆ, ಕಾಶಿ ವಿಶ್ವನಾಥ ಗುಡಿ, ಎಲ್ಲ ಮಾಹಿತಿಯೂ ಸರಿಯೇ ಇತ್ತು. ಆದರೆ ಅದೇ ಸಾಲುಗಳು ಇನ್ನೂ ಐವತ್ತು ಕಡೆ ಇದ್ದವು. ಗೂಗಲ್‌ಗೆ ಐವತ್ತೊಂದನೆಯದು ಯಾಕೆ ಬೇಕು? ಮಾಸ್ತರು ತಿಂಗಳಿಗೆ ಎರಡು ಸಲ ಲಕ್ಕುಂಡಿಗೆ ಹೋಗುವವರು. ಗದಗದಿಂದ ಸುಮಾರು 12 ಕಿ.ಮೀ., ಬಸ್ ಎಲ್ಲಿ ಇಳಿಸುತ್ತದೆ, ಅಲ್ಲಿಂದ ಯಾವ ಗುಡಿ ಮೊದಲು ನೋಡಿದರೆ ಬಿಸಿಲು ತಪ್ಪುತ್ತದೆ, ಮುಸುಕಿನ ಬಾವಿಯ ಮೆಟ್ಟಿಲು ವಯಸ್ಸಾದವರಿಗೆ ಆಗುತ್ತದಾ, ನೀರು ಎಲ್ಲಿ ಸಿಗುತ್ತದೆ. ಇದೆಲ್ಲ ಅವರಿಗೆ ಗೊತ್ತಿತ್ತು, ಲೇಖನದಲ್ಲಿ ಮಾತ್ರ ಇರಲಿಲ್ಲ. "ಅದೆಲ್ಲಾ ಏನ್ ಬರಿಯೂದು, ಎಲ್ಲಾರಿಗೂ ಗೊತ್ತಿರ್ತದಲ್ರೀ" ಅಂದರು. ನಾನು ಹುಬ್ಬಳ್ಳಿಯವನು ಸರ್, ನನಗೇ ಗೊತ್ತಿಲ್ಲ ಅಂದೆ. ಬರೆದು ಸೇರಿಸಿದರು, ಮತ್ತೆ ಒಂದು ಸಲ ರಿಕ್ವೆಸ್ಟ್ ಕೊಟ್ಟೆವು, ಇಂಡೆಕ್ಸ್ ಆಯಿತು.

ಇನ್ನೊಂದು ಸಾಲೂ ಕೆಲವೊಮ್ಮೆ ಕಾಣುತ್ತದೆ. "ಡೂಪ್ಲಿಕೇಟ್" ಅಂತ ಶುರುವಾಗಿ, ಗೂಗಲ್ ಬೇರೆ ಕ್ಯಾನಾನಿಕಲ್ (ಅಸಲು ಪುಟ) ಆರಿಸಿದೆ ಅನ್ನುವುದು. ನಿಮ್ಮ ಪುಟ ಬೇರೊಂದರ ನಕಲು ಅಂತ ಅದಕ್ಕೆ ಅನ್ನಿಸಿದೆ. ಒಂದೇ ಲೇಖನವನ್ನು ಎರಡು ಸೈಟಿನಲ್ಲಿ ಹಾಕಿದ್ದೀರಾ ನೋಡಿ. ಇನ್ನು ಥೀಮ್ ಎಲ್ಲ ಪುಟಕ್ಕೂ ಮುಖಪುಟದ ವಿಳಾಸವನ್ನೇ ಕ್ಯಾನಾನಿಕಲ್ ಅಂತ ಬರೆಯುತ್ತಿದ್ದರೆ, ನಿಮ್ಮ ಲೇಖನಗಳೆಲ್ಲ ಮುಖಪುಟದ ನಕಲು ಅಂತ ನೀವೇ ಹೇಳಿದಂತೆ. ಅದೂ ಒಂದು ಸಲ ನೋಡಿ.

## ಹಂತ 7: ಈಗ ರ‍್ಯಾಂಕ್ ಮಾತು

ಇಂಡೆಕ್ಸ್ ಆದ ಮೇಲೆ ಮೊದಲ ಪ್ರಶ್ನೆ: ನಿಮ್ಮ ಓದುಗರು ಏನಂತ ಟೈಪ್ ಮಾಡುತ್ತಾರೆ?

"ಕೆಂಪು ಸುಂದರಿಯ ಸೊಬಗು" ಅಂತ ಶೀರ್ಷಿಕೆ ಇಟ್ಟಿದ್ದ ಆ ಬ್ಯಾಡಗಿ ಹುಡುಗ. ಮೆಣಸಿನಕಾಯಿ ಅನ್ನುವ ಪದವೇ ಇಲ್ಲ! ಯಾರು ಹುಡುಕುತ್ತಾರೆ ಹಾಗೆ? "ಬ್ಯಾಡಗಿ ಮೆಣಸಿನಕಾಯಿ: ಡಬ್ಬಿ ಮತ್ತು ಕಡ್ಡಿ ಗುರುತಿಸುವುದು ಹೇಗೆ" ಅಂತ ಬದಲಿಸಿದೆವು. ಸಪ್ಪೆ ಅನ್ನಿಸಬಹುದು. ಆದರೆ ಹುಡುಕುವವರು ತಮಗೆ ಬೇಕಾದದ್ದು ಅಲ್ಲಿದೆ ಅಂತ ಅರೆಕ್ಷಣದಲ್ಲಿ ತಿಳಿಯುತ್ತಾರೆ. ಸೊಬಗನ್ನು ಒಳಗೆ ಎಷ್ಟು ಬೇಕಾದರೂ ಬರೆದುಕೊಳ್ಳಲಿ.

ನಮ್ಮ ಕಡೆ ಜನ ಒಂದೇ ಊರನ್ನು ನಾಲ್ಕು ರೀತಿ ಟೈಪ್ ಮಾಡುತ್ತಾರೆ. ಹುಬ್ಬಳ್ಳಿ, ಹುಬ್ಳಿ, ಇಂಗ್ಲಿಷ್ ಅಕ್ಷರದಲ್ಲಿ ಹಳೆಯ ಸ್ಪೆಲ್ಲಿಂಗ್, 2014ರ ನವೆಂಬರ್ 1ರಿಂದ ಬಂದ ಹೊಸ ಸ್ಪೆಲ್ಲಿಂಗ್. ಕನ್ನಡದ ಪ್ರಶ್ನೆಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವವರೂ ಭಾಳ. ಲೇಖನದಲ್ಲಿ ಸರಿಯಾದ ರೂಪವನ್ನೇ ಬಳಸಿ, ಸಹಜವಾಗಿ ಬರುವ ಒಂದು ಕಡೆ ಇನ್ನೊಂದು ರೂಪವೂ ಇರಲಿ. ಇಪ್ಪತ್ತು ರೂಪಗಳನ್ನು ಕೊನೆಗೆ ಸಾಲಾಗಿ ಪೇರಿಸಬೇಡಿ, ಅದು ಸ್ಪ್ಯಾಮ್. ಓದುಗರಿಗೆ ಕಾಣದ ಹಾಗೆ ಪದಗಳನ್ನು ಬರೆದಿಡುವ ಮೆಟಾ ಕೀವರ್ಡ್ಸ್ ಅನ್ನುವ ಪೆಟ್ಟಿಗೆ ತುಂಬುವುದೂ ದಂಡ, ಅದನ್ನು ರ‍್ಯಾಂಕ್‌ಗೆ ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಜನ ಏನು ಹೊಡೆಯುತ್ತಾರೆ ಅಂತ ತಿಳಿಯಲು ಗೂಗಲ್ ಪೆಟ್ಟಿಗೆಯಲ್ಲಿ ಎರಡು ಪದ ಬರೆದು ನಿಲ್ಲಿ. ಕೆಳಗೆ ಬರುವ ಸಲಹೆಗಳನ್ನು ಬರೆದುಕೊಳ್ಳಿ. ಆಮೇಲೆ ಅದೇ ಪದಕ್ಕೆ ಈಗ ಮೇಲೆ ಇರುವ ಐದು ಪುಟ ತೆರೆದು ಓದಿ. ಅವುಗಳಲ್ಲಿ ಏನಿಲ್ಲ ಅಂತ ಹುಡುಕಿ. ಇರುವುದನ್ನೇ ಮತ್ತೆ ಬರೆದು ಅವರನ್ನು ದಾಟಲು ಆಗುವುದಿಲ್ಲ, ಅವರ ಸೈಟ್ ಹಳೆಯದು, ಅವರಿಗೆ ಲಿಂಕುಗಳಿವೆ.

ಉತ್ತರ ಮೇಲೇ ಇರಲಿ. ಡಬ್ಬಿ ಮೆಣಸಿನಕಾಯಿ ಗಿಡ್ಡ, ದಪ್ಪ, ಕಡ್ಡಿ ತೆಳ್ಳಗೆ ಉದ್ದ ಅಂತ ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ನಿಮ್ಮ ಬಾಲ್ಯದ ನೆನಪು ಆಮೇಲೆ.

ಗೂಗಲ್ ನೋಡುವುದು ಪುಟದ ಫೋನ್ ರೂಪವನ್ನು. ಲ್ಯಾಪ್‌ಟಾಪಿನಲ್ಲಿ ಕಾಣುವ ಕೋಷ್ಟಕ ಫೋನಿನಲ್ಲಿ ಮಾಯವಾಗುತ್ತಿದ್ದರೆ ಗೂಗಲ್‌ಗೂ ಅದು ಇಲ್ಲ. ವೇಗಕ್ಕೆ ಗೂಗಲ್ ಇಟ್ಟಿರುವ ಅಳತೆ, ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ನಮ್ಮ ಸೈಟುಗಳಲ್ಲಿ ಇದನ್ನು ಕೆಡಿಸುವುದು ಹೆಚ್ಚಾಗಿ ಫೋನಿನಿಂದ ನೇರವಾಗಿ ಹಾಕಿದ ನಾಲ್ಕೈದು ಎಂಬಿಯ ಫೋಟೋ. ಅಗಲ 1,200 ಪಿಕ್ಸೆಲ್‌ಗೆ ಇಳಿಸಿ ಹಾಕಿ. ಇಷ್ಟು ಮಾಡಿ ಬಿಡಿ. ವೇಗದ ಅಂಕ 92 ಇದ್ದದ್ದನ್ನು 98 ಮಾಡಲು ಮೂರು ದಿನ ಕಳೆಯುವುದು ದಂಡ, ಖಾಲಿ ಬರಹವನ್ನು ವೇಗ ಮೇಲೆತ್ತುವುದಿಲ್ಲ.

ಹೊರಗಿನ ಲಿಂಕ್ ಬೇಕು, ನಿಜ. ಆದರೆ ಕೊಂಡದ್ದಲ್ಲ. ನವಲಗುಂದದ ಜಮಖಾನದ ಬಗ್ಗೆ ನೇಯುವವರ ಜೊತೆ ಕೂತು ಬರೆದಿದ್ದರೆ, ಕರಕುಶಲದ ಬಗ್ಗೆ ಕಾಲೇಜಿನವರು, ಸಂಘದವರು ತಮ್ಮ ಪುಟದಲ್ಲಿ ಲಿಂಕ್ ಕೊಡಲು ಒಪ್ಪುತ್ತಾರೆ. ಕೇಳಿ, ನಾಚಿಕೆ ಬೇಡ. "ಸಾವಿರ ಬ್ಯಾಕ್‌ಲಿಂಕ್ ಐನೂರು ರೂಪಾಯಿ", "ಮೊದಲ ಪುಟ ಗ್ಯಾರಂಟಿ" ಅಂತ ಮೆಸೇಜ್ ಬಂದರೆ ಬ್ಲಾಕ್ ಮಾಡಿ. ಮೊದಲ ಪುಟದ ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲ. ಯಂತ್ರದಿಂದ ದಿನಕ್ಕೆ ನೂರು ಲೇಖನ ಬರೆಸಿ ತುಂಬುವುದೂ ಬೇಡ. ರ‍್ಯಾಂಕ್‌ಗೋಸ್ಕರ ರಾಶಿ ರಾಶಿ ಪುಟ ಹುಟ್ಟಿಸುವುದನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲೇ ಸೇರಿಸಿದೆ.

## ಹಂತ 8: ಒಂದು ತಿಂಗಳ ನಂತರ

ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ ಆ ಲೇಖನ ಒಂದನ್ನೇ ಆರಿಸಿ, ಕ್ವೆರೀಸ್, ಅಂದರೆ ಜನ ಹುಡುಕಿದ ಪದಗಳನ್ನು ನೋಡಿ. ಇಂಪ್ರೆಷನ್ (ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿಕೊಂಡಿತು ಅನ್ನುವ ಲೆಕ್ಕ) ಸೊನ್ನೆ ಇದ್ದರೆ ನೀವು ಬರೆದ ವಿಷಯವನ್ನು ಆ ಪದಗಳಲ್ಲಿ ಯಾರೂ ಹುಡುಕುತ್ತಿಲ್ಲ, ಇಲ್ಲವೇ ನೀವು ಭಾಳ ಕೆಳಗಿದ್ದೀರಿ. ಇಂಪ್ರೆಷನ್ ಇದ್ದು ಕ್ಲಿಕ್ ಇಲ್ಲ, ಸ್ಥಾನವೂ ಹತ್ತರ ಒಳಗಿದೆ ಅಂದರೆ ಶೀರ್ಷಿಕೆ ಯಾರನ್ನೂ ಕರೆಯುತ್ತಿಲ್ಲ. ಸ್ಥಾನ ಹತ್ತರಿಂದ ಇಪ್ಪತ್ತರ ನಡುವೆ ಇದ್ದರೆ ಖುಷಿಪಡಿ, ಕೆಲಸ ಮಾಡಲು ಇದೇ ಒಳ್ಳೆಯ ಜಾಗ. ಜನ ಯಾವ ಪ್ರಶ್ನೆ ಹಿಡಿದುಕೊಂಡು ಅಲ್ಲಿಗೆ ಬರುತ್ತಿದ್ದಾರೆ ನೋಡಿ, ಅದಕ್ಕೆ ಉತ್ತರ ಲೇಖನದಲ್ಲಿ ಇಲ್ಲದಿದ್ದರೆ ಒಂದು ಭಾಗ ಸೇರಿಸಿ.

ಬ್ಯಾಡಗಿ ಹುಡುಗನ ಪುಟಕ್ಕೆ "ಬಣ್ಣ ಹೋಗದ ಹಾಗೆ ವರ್ಷಪೂರ್ತಿ ಇಡುವುದು ಹೇಗೆ" ಅನ್ನುವ ಅರ್ಥದ ಹುಡುಕಾಟಗಳು ಬರುತ್ತಿದ್ದವು. ಅವನು ಅದನ್ನು ಬರೆದೇ ಇರಲಿಲ್ಲ. ಅವರ ಮನೆಯವರಿಗೆ ಅದು ದಿನಾ ಮಾಡುವ ಕೆಲಸ.

ಸೇರಿಸಿದ ಮೇಲೆ ದಿನಾಂಕ ನೋಟ್‌ಬುಕ್ಕಿಗೆ. ಬರೀ ದಿನಾಂಕ ಹೊಸದು ಮಾಡಿ ಬರಹ ಹಾಗೇ ಬಿಟ್ಟರೆ ಏನೂ ಆಗುವುದಿಲ್ಲ. ವರದಿಯ ಅಂಕಿಗಳು ಪೂರ್ತಿಯಾಗಲು ಎರಡು ಮೂರು ದಿನ ಹಿಡಿಯಬಹುದು, ಹಾಗಾಗಿ ಬದಲಿಸಿದ ಮರುದಿನವೇ ತೆರೆದು ನೋಡಬೇಡಿ. ಮುಂದಿನ ತಿಂಗಳು ಅದೇ ದಿನ ನೋಡಿ, ಅಷ್ಟರೊಳಗೆ ಇನ್ನೊಂದು ಲೇಖನ ಬರೆದು ಅಲ್ಲಿಂದ ಇದಕ್ಕೊಂದು ಲಿಂಕ್ ಕೊಟ್ಟಿರಿ.